ಕೈ ಬಾವು: ಟೇಪು ಮನೆಯಲ್ಲಿರಲಿ

ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಮನೆಗೆ ಹೊರಟವರಿಗೆಲ್ಲ ನಮ್ಮ ವಾರ್ಡಿನಲ್ಲಿ ನಾನು ಹೇಳುವುದು ಒಂದೇ: ಟೈಲರ್ ಟೇಪು ತಗೊಳ್ಳಿ. ಮಾತ್ರೆ ಚೀಟಿ ಎಲ್ಲರೂ ಕೊಡುತ್ತಾರೆ, ಟೇಪಿನ ಮಾತು ಯಾರೂ ಎತ್ತುವುದಿಲ್ಲ.

ಕಂಕುಳಿನ ಲಿಂಫ್ ಗಂಟು (ಕೈಯ ನೀರನ್ನು ಸೋಸುವ ಸಣ್ಣ ಗ್ರಂಥಿ) ತೆಗೆದರೆ, ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟರೆ, ಕೈಯಲ್ಲಿನ ನೀರು ವಾಪಸ್ ಹೋಗುವ ದಾರಿ ಕಡಿಮೆಯಾಗುತ್ತದೆ. ಅದು ಅಲ್ಲೇ ನಿಂತು ಕೈ ಊದುತ್ತದೆ. ಇದೇ ಲಿಂಫೆಡೀಮಾ. ಎಲ್ಲರಿಗೂ ಬರುವುದಿಲ್ಲ. ಬಂದರೆ ಕೆಲವೇ ತಿಂಗಳಿಗೆ ಬರಬಹುದು, ಎಷ್ಟೋ ವರ್ಷ ಬಿಟ್ಟೂ ಬರಬಹುದು. ಪೂರ್ತಿ ಹೋಗುವ ಕಾಯಿಲೆ ಅಲ್ಲ, ಆದರೆ ಬೇಗ ಹಿಡಿದರೆ ಹತೋಟಿಯಲ್ಲಿರುತ್ತದೆ.

ತಿಂಗಳಿಗೊಮ್ಮೆ, ಬೆಳಗಿನ ಹೊತ್ತು, ಎರಡೂ ಕೈ ಅಳೆಯಿರಿ. ಮಣಿಕಟ್ಟಿನಲ್ಲಿ ಒಂದು ಸುತ್ತು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ ಒಂದು, 10 ಸೆಂ.ಮೀ. ಮೇಲೆ ಒಂದು. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಕ್ಯಾಲೆಂಡರಿನ ಹಿಂದೆ ಬರೆದಿಡಿ. ಆಪರೇಷನ್ನಿಗೆ ಮುಂಚಿನ ಅಳತೆ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಕೆಲಸ ಮಾಡುವ ಕೈ ಮೊದಲೇ ಸ್ವಲ್ಪ ದಪ್ಪ ಇರುತ್ತದೆ. ಆಪರೇಷನ್ ಆದ ಕಡೆಯ ಕೈ ಇನ್ನೊಂದಕ್ಕಿಂತ 2 ಸೆಂ.ಮೀ. ಜಾಸ್ತಿಯಾದರೆ ಡಾಕ್ಟರಿಗೆ ತೋರಿಸಿ. ಬಳೆ ಬಿಗಿಯಾದರೆ, ರವಿಕೆ ತೋಳು ಹಿಡಿದರೆ, ಕೈ ಭಾರ ಅನ್ನಿಸಿದರೆ ಟೇಪಿಗೂ ಕಾಯಬೇಡಿ.

ಊದಿದೆ ಅಂತ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುವ ಅತ್ತೆಯಂದಿರು ನಮ್ಮಲ್ಲಿ ಜಾಸ್ತಿ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಬೇಡ ಅನ್ನಿ. ಬಿಸಿ ಶಾಖವೂ ಬೇಡ. ಇದರ ಮಸಾಜ್ ಬೇರೆ: ಚರ್ಮ ಮಾತ್ರ ಸರಿಯುವಷ್ಟು ಹಗುರ. ಮೊದಲು ಕತ್ತು, ಆಮೇಲೆ ಇನ್ನೊಂದು ಕಡೆಯ ಕಂಕುಳು, ಕೊನೆಗೆ ಊದಿದ ಕೈ. ಅದರಲ್ಲೂ ಮೇಲ್ತೋಳು ಮುಗಿಸಿಯೇ ಕೆಳಗೆ ಬರಬೇಕು, ಮುಂದಿನ ದಾರಿ ಖಾಲಿಯಾಗದೆ ಹಿಂದಿನದು ಸರಿಯುತ್ತದಾ? ಫಿಸಿಯೋ ಹತ್ತಿರ ಒಮ್ಮೆ ಕಲಿತು ಮಾಡಿ.

ಬಾವು ಹತೋಟಿಯಲ್ಲಿಡಲು ಕೈಗೆ ಹಾಕುವ ಬಿಗಿ ಸ್ಲೀವನ್ನು ಅಳತೆ ಕೊಟ್ಟೇ ತಗೊಳ್ಳಿ, ಅಂದಾಜಿನ ಮೇಲೆ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಹಾಕಿ, ಮಲಗುವಾಗ ತೆಗೆಯಿರಿ. ತುದಿ ಹಿಡಿದು ಎಳೆದರೆ ಹರಿಯುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸವರಿ, ಸುಲಭವಾಗಿ ಏರುತ್ತದೆ. ಎಲ್ಲೂ ಮಡಿಕೆ ಉಳಿಯಬಾರದು. ಆರು ತಿಂಗಳಿಗೆ ಅದರ ಬಿಗಿ ಹೋಗುತ್ತದೆ, ಹೊಸದು ಬೇಕು.

‘ಆ ಕೈಯಲ್ಲಿ ಏನೂ ಎತ್ತಬೇಡ’ ಅನ್ನುವ ಹಳೇ ಮಾತು ಬಿಡಿ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕೈ ಬಾವು ಇದ್ದ ಹೆಂಗಸರು ತರಬೇತಿಯೊಂದಿಗೆ ನಿಧಾನವಾಗಿ ಭಾರ ಎತ್ತಿದರು. ಬಾವು ಜಾಸ್ತಿಯಾಗಲಿಲ್ಲ, ಉಲ್ಬಣಿಸುವುದೇ ಕಡಿಮೆಯಾಯಿತು. ಹಗುರದಿಂದ ಶುರು ಮಾಡಿ, ಅಷ್ಟೇ. ಮೂತ್ರ ಜಾಸ್ತಿ ಮಾಡುವ ಮಾತ್ರೆ ನುಂಗಿದರೆ ಈ ಬಾವು ಇಳಿಯುವುದಿಲ್ಲ, ಸುಮ್ನೆ ತಗೋಬೇಡಿ.

ಈಳಿಗೆ ಮಣೆ, ಗುಲಾಬಿ ಮುಳ್ಳು, ಒಗ್ಗರಣೆ ಎಣ್ಣೆ: ಇವುಗಳ ಹತ್ತಿರ ಜಾಗ್ರತೆ. ಗಾಯವಾದರೆ ಸೋಪು ನೀರಿನಲ್ಲಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಚರ್ಮ ಒಣಗದಂತೆ ದಿನಾ ಕ್ರೀಮು ಸವರಿ. ರಕ್ತ ತೆಗೆಯಲು, ಬಿಪಿ ನೋಡಲು ಇನ್ನೊಂದು ಕೈ ಕೊಡಿ. ಯಾವ ಕೈ ಅಂತ ಅವರು ಕೇಳುವುದಿಲ್ಲ, ನೀವೇ ಹೇಳಬೇಕು.

ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಸೋಂಕು. ಮಸಾಜ್ ನಿಲ್ಲಿಸಿ. ನಾಳೆ ನೋಡೋಣ ಅನ್ನದೆ ಅದೇ ದಿನ, ರಾತ್ರಿಯಾಗಿದ್ದರೂ ಸರಿ, ಆಸ್ಪತ್ರೆಗೆ ಹೋಗಿ.