ಈ ಸಲ ಜೀಪ್ ಕುದಿಯಲಿಲ್ಲ

"ಇಂಜಿನ್ ಬದಲಿಸಿ ಮಾರಾಯ್ರೆ. ಇಲ್ದಿದ್ರೆ ತೋಟಕ್ಕೆ ಗೊಬ್ಬರ ಹೊರೋಕೆ ಇಟ್ಕೊಳ್ಳಿ, ಸಾಕು."

2018ರಲ್ಲಿ ಶಿರಸಿಯ ಮೂರು ಗ್ಯಾರೇಜಿನಲ್ಲೂ ಇದೇ ಮಾತು. ಆ ವರ್ಷ ಜೈಸಲ್ಮೇರಿಗೆ ಹೋಗಿ ಬರುವಷ್ಟರಲ್ಲಿ ನನ್ನ ಮಹೀಂದ್ರ ಎಂಎಂ 540 ಜೀಪಿನ ರೇಡಿಯೇಟರ್ ಹನ್ನೊಂದು ಸಲ ಕುದ್ದಿತ್ತು. 2023ರ ಮಾರ್ಚ್‌ನಲ್ಲಿ ಮತ್ತೆ ಹೋದೆ. ಅದೇ ಜೀಪು, ಅದೇ ಇಂಜಿನ್ನು, ಅದೇ ಮರಳ ದಿಬ್ಬ. ಒಂದು ಸಲವೂ ಕುದಿಯಲಿಲ್ಲ. ಅದಕ್ಕೇ ಇದನ್ನ ಬರೀತಾ ಇದ್ದೇನೆ.

ಗಾಡಿ 1991ರದ್ದು. ಪ್ಯೂಜೋ ಡೀಸೆಲ್, 2112 ಸಿಸಿ, ಕಾಗದದ ಮೇಲೆ 62 ಕುದುರೆ. ಈಗ ಅದರಲ್ಲಿ ಎಷ್ಟು ಕುದುರೆ ಉಳಿದಿವೆ ಅಂತ ಎಣಿಸೋಕೆ ಹೋಗಿಲ್ಲ. 2009ರಲ್ಲಿ ಯಲ್ಲಾಪುರ ಕಡೆಯವರಿಂದ ಒಂದು ಲಕ್ಷದ ಹದಿನೈದು ಸಾವಿರಕ್ಕೆ ತಗೊಂಡಿದ್ದು. ಅವರೂ ತೋಟಕ್ಕೇ ಇಟ್ಕೊಂಡಿದ್ದರು, ನಾನೂ ಹಾಗೇ. ಮಳೆಗಾಲದಲ್ಲಿ ಹಿಂದೆ ಅಡಿಕೆಗೆ ಹೊಡೆಯೋ ಕೊಳೆರೋಗದ ಔಷಧಿ ಎರಡು ಡ್ರಮ್, ಒಂದು ಪಂಪು, ನಾಲ್ಕು ಜನ. ಅದರಲ್ಲಿರೋ ಮೈಲುತುತ್ತ ಕಬ್ಬಿಣವನ್ನ ಹೇಗೆ ತಿಂತದೆ ಅಂತ ಅಡಿಕೆ ಬೆಳೆದವರಿಗೆ ಹೇಳೋದು ಬೇಡ. ಹಿಂದಿನ ತಳದ ತಗಡು ಎರಡು ಸಲ ಬದಲಾಗಿದೆ.

2018ರ ಪ್ರಯಾಣದ ಬಗ್ಗೆ ಜಾಸ್ತಿ ಹೇಳೋಕೆ ನಾಚಿಕೆ. ಆ ವರ್ಷ ಮಾರಿ ಜಾತ್ರೆ ಇತ್ತು. "ಜಾತ್ರೆ ಬಿಟ್ಟು ಮರಳು ನೋಡೋಕೆ ಹೊರಟ್ಯಲ್ಲ" ಅಂತ ಅಮ್ಮ ಬೈದರು. ಮೊದಲ ಕುದಿತ ಪುಣೆ ದಾಟೋದರೊಳಗೇ ಆಯಿತು. ಟಾರ್ ರೋಡಿನಲ್ಲಿ ಅರವತ್ತರಲ್ಲಿ ಹೋದರೆ ಪರವಾಗಿಲ್ಲ. ಜೈಸಲ್ಮೇರ್ ಹತ್ತಿರದ ಖೂರಿಯ ದಿಬ್ಬಗಳಲ್ಲಿ ಲೋ ಸೆಕೆಂಡ್ (ಫೋರ್ ವೀಲಿನ ನಿಧಾನದ ಗೇರು) ಹಾಕಿ ಹತ್ತು ನಿಮಿಷ ಓಡಿಸಿದರೆ ಇಂಜಿನ್ ಬಿಸಿ ತೋರಿಸೋ ಮೀಟರಿನ ಮುಳ್ಳು 110 ದಾಟ್ತಿತ್ತು. ಬಾನೆಟ್ ಎತ್ತಿ ಕೂತರೆ ಊರಿನ ಹುಡುಗರು ಒಂಟೆ ಮೇಲಿಂದ ನೋಡಿ ನಗ್ತಿದ್ದರು. ಕುಡಿಯೋಕೆ ಇಟ್ಟ ನೀರೆಲ್ಲ ರೇಡಿಯೇಟರಿಗೆ ಹೋಯಿತು.

ಬಂದ ಮೇಲೆ ದುಡ್ಡು ಸುರಿಯೋ ಕೆಲಸ ಶುರು. ರೇಡಿಯೇಟರಿಗೆ ನಾಲ್ಕು ಸಾಲು ನಳಿಗೆಯ ಹೊಸ ಕೋರ್, ಹುಬ್ಬಳ್ಳಿಯಲ್ಲಿ ಮಾಡಿಸಿದ್ದು, ಸುಮಾರು 14,000. ವಾಟರ್ ಪಂಪು 2,800. ಯಾವುದೋ ಕಾರಿನ ಎಲೆಕ್ಟ್ರಿಕ್ ಫ್ಯಾನು, ರಿಲೇ, ವೈರಿಂಗ್ ಎಲ್ಲ ಸೇರಿ ಐದೂವರೆ ಸಾವಿರ. ಆಮೇಲೆ ದೇವಿಮನೆ ಘಟ್ಟದಲ್ಲಿ ಪರೀಕ್ಷೆ. ಕುಮಟಾದಿಂದ ಹತ್ತು ಚೀಲ ಗೊಬ್ಬರ ಹೇರಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ಹತ್ತಿಸೋದು. ಅರ್ಧ ಘಟ್ಟದಲ್ಲಿ ಮತ್ತೆ ಕುದ್ದಿತು. ಇಪ್ಪತ್ತೆರಡು ಸಾವಿರ ಹೋಗಿ ಸಿಕ್ಕ ಲಾಭ ಅಂದ್ರೆ ಎರಡು ತಿರುವು ಮುಂದೆ ಕುದ್ದಿದ್ದು. ಬೊಲೆರೊ ಇಂಜಿನ್ ಕೂರಿಸೋಕೆ ಒಂದೂಕಾಲು ಲಕ್ಷ ಕೇಳಿದರು. ಆರ್‌ಸಿಯಲ್ಲಿ ತಿದ್ದುಪಡಿ ಓಡಾಟ ಬೇರೆ.

ದಾರಿ ಸಿಕ್ಕಿದ್ದು 2021ರ ಮಳೆಗಾಲದಲ್ಲಿ, ಅದೂ ಆಕಸ್ಮಿಕ. ಕೂಲಂಟ್ ಬದಲಿಸೋಣ ಅಂತ ರೇಡಿಯೇಟರ್ ಖಾಲಿ ಮಾಡಿ ಇಂಜಿನ್ ಬ್ಲಾಕಿನಿಂದ ನೀರು ಖಾಲಿ ಮಾಡೋ ಡ್ರೈನ್ ಕಾಕನ್ನೂ ತಿರುಗಿಸಿದೆ. ಒಂದು ಹನಿ ಬರಲಿಲ್ಲ. ಕಾಕನ್ನೇ ಬಿಚ್ಚಿದೆ. ಆಗಲೂ ಇಲ್ಲ. ಹಳೇ ಕೊಡೆಯ ಕಡ್ಡಿ ತೂರಿಸಿ ಚುಚ್ಚಿದರೆ ಒದ್ದೆ ಮಣ್ಣಿನೊಳಗೆ ಹೋದ ಹಾಗೆ ಹೋಯಿತು. ಎಳೆದಾಗ ತುದಿಗೆ ಹತ್ತಿದ್ದು ಕೆಂಪು ಕೆಸರು. ನಮ್ಮ ತೋಟದ ಹಳ್ಳದ ಕೆಸರಿನ ಬಣ್ಣವೇ! ಮೂವತ್ತು ವರ್ಷ ಇಬ್ಬರು ಮಾಲೀಕರು ಸೇರಿ ಹಳ್ಳದಿಂದ ತಂಬಿಗೆಯಲ್ಲಿ ನೀರು ಮೊಗೆದು ಹೊಯ್ದದ್ದೆಲ್ಲ ಅಲ್ಲಿ ಕೂತಿತ್ತು.

ಬ್ಲಾಕಿನ ಬದಿಯ ತೂತು ಮುಚ್ಚಿರೋ ತಗಡಿನ ಬಿಲ್ಲೆಗಳನ್ನ, ಅಂದರೆ ವೆಲ್ಚ್ ಪ್ಲಗ್ ಎಲ್ಲ ಹೊಡೆದು ತೆಗೆದೆ. ಫ್ಲೈವೀಲ್ ಕಡೆಯ ಸಿಲಿಂಡರ್ ಸುತ್ತ ಸುಮಾರು ಮೂರು ಇಂಚು ದಪ್ಪ ಕೂತಿತ್ತು, ತುಕ್ಕು ಸೇರಿ ಗಾರೆ ಹಾಗಾಗಿತ್ತು. ನೀರೇ ಸುತ್ತದ ಜಾಗಕ್ಕೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೆ ಏನು ಉಪಯೋಗ ಹೇಳಿ? ಕಡ್ಡಿ, ಸೈಕಲ್ ಬ್ರೇಕಿನ ತಂತಿ, ಔಷಧಿ ಹೊಡೆಯೋ ಪಂಪಿನ ಪ್ರೆಶರ್, ಇಷ್ಟರಲ್ಲೇ ಎರಡು ದಿನ ಕೆತ್ತಿದೆ. ಬಂದ ಕೆಸರು ಅರ್ಧ ಬಕೆಟ್. ಹೊಸ ಪ್ಲಗ್‌ಗಳಿಗೆ ನಾನೂರು ರೂಪಾಯಿಯೂ ಆಗಲಿಲ್ಲ.

ಉಳಿದ ಕಿಟ್ಟಕ್ಕೆ ಹುಳಿ ಬೇಕು. ಮನೇಲಿ ಉಪ್ಪಾಗೆ ಹುಳಿ ಇತ್ತು. ಅಂಗಡಿ ಔಷಧಿ ಯಾಕೆ ಅಂತ ಕುದಿಸಿ ಸೋಸಿ ಅದನ್ನೇ ಹೊಯ್ದೆ. ಪೆದ್ದು ಕೆಲಸ. ತುಕ್ಕು ಬಿಟ್ಟಿತು, ನಿಜ. ಜೊತೆಗೆ ಅಂಟು ಅಂಟು ಕಪ್ಪು ಪಾಕ ಹೊಸ ಕೋರಿನ ನಳಿಗೆಗಳಲ್ಲಿ ಕೂತು ಅದನ್ನ ತೊಳೆಯೋಕೆ ಮತ್ತೆ ಒಂದು ದಿನ. ಜೀಪಿನಿಂದ ಒಂದು ವಾರ ಮೀನುಸಾರಿನ ವಾಸನೆ ಬರ್ತಿತ್ತು ಅಂತ ಹೆಂಡತಿ ಈಗಲೂ ಹೇಳ್ತಾಳೆ. ಆಮೇಲೆ ನಿಂಬೆ ಉಪ್ಪು ತಂದೆ, ಅಂದರೆ ಸಿಟ್ರಿಕ್ ಆಸಿಡ್. ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ ಆಸುಪಾಸು. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದೆ. ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಬಿಡಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕಾಗಿ ಒಂದು ಹೆಡ್ ಗ್ಯಾಸ್ಕೆಟ್ ಕಳ್ಕೊಂಡಿದ್ದೇನೆ.

ಇನ್ನೊಂದು ಅನುಮಾನ ಮೀಟರ್ ಮೇಲಿತ್ತು. ಸೆನ್ಸಾರ್ ಬಿಚ್ಚಿ, ವೈರ್ ಉದ್ದ ಮಾಡಿ, ಅಡುಗೆ ಮನೆ ಕಿಟಕಿಯಿಂದ ಒಳಗೆ ತಂದು ಕುದಿಯೋ ನೀರಿಗೆ ಇಳಿಬಿಟ್ಟೆ. ಶಿರಸಿ ಎತ್ತರದಲ್ಲಿ ನೀರು ಕುದಿಯೋದು ಸುಮಾರು 98ಕ್ಕೆ. ಮುಳ್ಳು ತೋರಿಸಿದ್ದು 108. ಸಮಾಧಾನ ಆಗಲಿಲ್ಲ. ಕಾರವಾರಕ್ಕೆ ಹೋದಾಗ ಭಾವನ ಮನೆಯಲ್ಲೂ ಹಾಗೇ ಮಾಡಿದೆ. "ಅಕ್ಕಿ ಹಾಕ್ಲಾ ಭಾವಾ, ಹೇಗೂ ನೀರು ಕುದ್ದಿದೆ" ಅಂತ ಅವನು ಕುಹಕ ಮಾಡಿದ. ಸಮುದ್ರದ ಮಟ್ಟ, ಅಲ್ಲಿ 110. ಎರಡೂ ಕಡೆ ಹತ್ತು ಜಾಸ್ತಿ. ಅಂದರೆ 2018ರಲ್ಲಿ ನನ್ನ ನೀರು ನಿಜವಾಗಿ ಕುದಿಯುತ್ತಿದ್ದದ್ದು ನೂರರಲ್ಲಿ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿದ್ದರೆ ಇನ್ನೂ ಸಾಕಷ್ಟು ತಡೀಬೇಕಿತ್ತು. ಕ್ಯಾಪಿನ ರಬ್ಬರ್ ನೋಡಿದರೆ ಒಣಗಿದ ಮುರುಗಲ ಸಿಪ್ಪೆ ಹಾಗಿತ್ತು. ಹೊಸ ಕ್ಯಾಪ್ 150 ರೂಪಾಯಿ.

ಬಿಸಿ ಏರಿದ ಮೇಲೆ ರೇಡಿಯೇಟರಿಗೆ ನೀರು ಬಿಡೋ ಥರ್ಮೋಸ್ಟಾಟನ್ನ ಯಾರೋ ಎಂದೋ ತೆಗೆದು ಎಸೆದಿದ್ದರು. ಅದನ್ನೂ ವಾಪಸ್ ಹಾಕಿದೆ, 82 ಡಿಗ್ರಿಯದ್ದು. ಇದಕ್ಕೆ ಎಲ್ಲರೂ ಬೈದರು. ತೆಗೆದರೆ ತಣ್ಣಗಿರ್ತದೆ ಅನ್ನೋದು ನಮ್ಮ ಕಡೆಯ ನಂಬಿಕೆ. ಅದಿಲ್ಲದಿದ್ದರೆ ಒಂದಷ್ಟು ನೀರು ರೇಡಿಯೇಟರಿಗೇ ಹೋಗದೆ ಬೈಪಾಸ್‌ನಲ್ಲಿ ಸುತ್ತುತ್ತಾ ಇರ್ತದೆ ಅನ್ನೋದು ಯಾರ ತಲೆಗೂ ಹೋಗಲ್ಲ.

ಕೊನೆಯದು ಶ್ರೌಡ್, ಅಂದರೆ ಫ್ಯಾನಿನ ಸುತ್ತ ಕೂರಿಸೋ ತಗಡಿನ ಗೂಡು. ನನ್ನ ಗಾಡಿಯಲ್ಲಿ ಅದು ಇರಲೇ ಇಲ್ಲ. ಎಲೆಕ್ಟ್ರಿಕ್ ಫ್ಯಾನ್ ಕಿತ್ತು ಮಾರಿದೆ, ಎಂಟುನೂರು ಬಂತು. ಹಳೇ ಫ್ಯಾನ್ ಕೂರಿಸಿ, ನೀರಿನ ಟ್ಯಾಂಕ್ ಮಾಡೋರ ಹತ್ತಿರ ಜಿಐ ತಗಡಿನಲ್ಲಿ ಶ್ರೌಡ್ ಮಾಡಿಸಿದೆ. ಮೊದಲನೆಯದರಲ್ಲಿ ರೆಕ್ಕೆ ಪೂರ್ತಿ ಒಳಗೆ ಹೋಗಿತ್ತು. ಸದ್ದು ಜಾಸ್ತಿ, ಗಾಳಿ ಕಮ್ಮಿ. ಎರಡನೆಯದು ಇಂಜಿನ್ ಅಲುಗಾಡಿದಾಗ ರೆಕ್ಕೆಗೆ ತಾಗಿ ಹರಿಯಿತು. ಮೂರನೆಯದು ಸರಿಯಾಯಿತು. ರೆಕ್ಕೆಯ ಅಗಲದಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಸುತ್ತ ಒಂದು ಇಂಚಿನ ಆಸುಪಾಸು ಸಂದು. ಮೂರಕ್ಕೂ ಸೇರಿ 1,900. ಅದೇ ಹತ್ತು ಚೀಲ ಗೊಬ್ಬರ, ಅದೇ ಮಧ್ಯಾಹ್ನ ಎರಡು ಗಂಟೆ. ದೇವಿಮನೆ ಮೇಲೆ ಬಂದಾಗ ಮುಳ್ಳು 100, ಅಂದರೆ ನಿಜಕ್ಕೆ 90.

ಮಧ್ಯೆ ಅಡ್ಡದಾರಿಯ ಪ್ರಯೋಗಗಳೂ ಆದವು. ಅಡಿ ಚಾಸಿಗೆ ಕಾರವಾರದ ಬೈತಖೋಲ ಬಂದರಿನಿಂದ ಮೀನೆಣ್ಣೆ ತಂದು ಬಳಿದೆ. ದೋಣಿಗೆ ಬಳೀತಾರಲ್ಲ, ಅದೇ. ತುಕ್ಕಿಗೆ ನಿಜಕ್ಕೂ ಒಳ್ಳೆಯದು. ಎರಡು ಮಳೆಗಾಲ ಕಳೆದರೂ ಬಳಿದಲ್ಲಿ ಹೊಸ ತುಕ್ಕು ಕಂಡಿಲ್ಲ. ಒಣಗೋವರೆಗೆ ಹದಿನೈದು ದಿನ ಊರ ನಾಯಿಗಳೆಲ್ಲ ಜೀಪಿನ ಅಡಿಯಲ್ಲೇ ಮಲಗ್ತಿದ್ದವು, ಅಷ್ಟೇ ತೊಂದರೆ.

ಮರಳಿನ ಅಭ್ಯಾಸ ಅಂಕೋಲಾದ ಗೆಳೆಯನ ತೆಂಗಿನ ತೋಟದಲ್ಲಿ. ಬೀಚಿನಲ್ಲಿ ಮಾಡಬೇಡಿ. ಆಮೆ ಮೊಟ್ಟೆ ಇಡೋ ಜಾಗ, ದಂಡ ಬೇರೆ. ಮೇಲಾಗಿ ಒದ್ದೆ ಮರಳು ಏನೂ ಕಲಿಸಲ್ಲ. ಹುಗಿದರೆ ಚಕ್ರದಡಿ ಹಾಕೋಕೆ ಅಲ್ಯುಮಿನಿಯಂ ಏಣಿ ಯಾಕೆ, ಅಡಿಕೆ ಮರ ಸೀಳಿದ ನಮ್ಮ ದಬ್ಬೆ ಇದೆಯಲ್ಲ ಅಂದುಕೊಂಡೆ. ಐದು ದಬ್ಬೆ ಜೋಡಿಸಿ ಕಟ್ಟಿದೆ. ಚಕ್ರ ತಿರುಗಿದ ಕೂಡಲೇ ಜಾರಿ ಹಿಂದಕ್ಕೆ ಹಾರಿ ಗೆಳೆಯನ ಮೊಣಕಾಲಿಗೆ ಬಡಿಯಿತು. ಪುಣ್ಯಕ್ಕೆ ಮುರಿಯಲಿಲ್ಲ. ಎರಡನೇ ಸಲ ಮೇಲೆ ನಾರಿನ ಹಗ್ಗ ಒತ್ತಾಗಿ ಸುತ್ತಿದೆ. ಆಗ ಟೈರ್ ಕಚ್ಚಿತು. ಖರ್ಚು ಹಗ್ಗದ್ದು ಮಾತ್ರ. ಖೂರಿಯಲ್ಲಿ ನಾಲ್ಕು ಸಲ ಇದೇ ನಮ್ಮನ್ನ ಎತ್ತಿತು. ಐದನೇ ಸಲ ಒಂದು ದಬ್ಬೆ ಲಟಕ್ ಅಂತು. ಅಲ್ಲಿಯವರು ಇದೇನು ಮರ ಅಂತ ಕೇಳಿದಾಗ ಸುಪಾರಿ ಅಂದೆ, ನಂಬಲಿಲ್ಲ.

2023ರಲ್ಲಿ ಜಾತ್ರೆ ಇಲ್ಲದ ವರ್ಷ ನೋಡಿ ಹೊರಟೆ. ಚಳಿಗಾಲದಲ್ಲಿ ಹೋಗಬಹುದಿತ್ತು. ಆಗ "ಥಂಡಿಗೆ ಕುದೀಲಿಲ್ಲ ಬಿಡು" ಅಂತಿದ್ದರು. ಬೇಕಂತಲೇ ಮಾರ್ಚ್. ಹುಬ್ಬಳ್ಳಿ, ಪುಣೆ, ಅಹಮದಾಬಾದ್, ಬಾಡ್ಮೇರ್ ಮೇಲಾಗಿ ಹೋಗುವಾಗ 1,750 ಕಿ.ಮೀ. ಹತ್ತಿರ, ನಾಲ್ಕು ದಿನ. ಖೂರಿಯಲ್ಲಿ ಮೊದಲ ಮಧ್ಯಾಹ್ನವೇ ಲೋ ಸೆಕೆಂಡಿನಲ್ಲಿ ಮುಕ್ಕಾಲು ಗಂಟೆ ಎಡೆಬಿಡದೆ ಓಡಿಸಿದೆ. ಮುಳ್ಳು 105ಕ್ಕೆ ಹೋಗಿ ನಿಂತಿತು. ನಿಜಕ್ಕೆ 95. ಬೆನ್ನ ಹಿಂದಿನ ಗಾಳಿ ಇದ್ದಾಗ ಮಾತ್ರ ಸ್ವಲ್ಪ ಏರ್ತಿತ್ತು. ಮೂತಿಯನ್ನ ಗಾಳಿಗೆ ತಿರುಗಿಸಿ, ಇಂಜಿನ್ ಆರಿಸದೆ ಐದು ನಿಮಿಷ ಬಿಟ್ಟರೆ ಇಳೀತಿತ್ತು. ಆರಿಸಿದರೆ ಕೆಟ್ಟಿರಿ. ಅಲ್ಲಿಯ ಗಾಡಿಗಳು ಓಡೋ ದಿಬ್ಬ ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಪಕ್ಕದಲ್ಲೇ ಡೆಸರ್ಟ್ ನ್ಯಾಷನಲ್ ಪಾರ್ಕು. ಬೆರಳೆಣಿಕೆಗೆ ಬಂದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಇರೋ ಜಾಗ.

ಕೆಟ್ಟದ್ದೂ ಆಯಿತು. ಮರಳಲ್ಲಿ ಹುಗಿಯದಿರಲಿ ಅಂತ ಟೈರಿನ ಗಾಳಿಯನ್ನ 14 ಪಿಎಸ್‌ಐಗೆ ಇಳಿಸಿದ್ದೆ. ಟ್ಯೂಬ್ ಟೈರು, ರಿಮ್ಮಿನ ಮೇಲೆ ಜಾರಿ ವಾಲ್ವ್ ಬುಡದಲ್ಲೇ ಕಿತ್ತಿತು. ಎರಡು ದಿನದಲ್ಲಿ ಎರಡು ಟ್ಯೂಬ್. ಆಮೇಲೆ ಒಂದು ಉಪಾಯ ಮಾಡಿದೆ, ಮತ್ತೆ ಟ್ಯೂಬ್ ಹೋಗಲಿಲ್ಲ. ಟೈರಿಗೂ ರಿಮ್ಮಿಗೂ ಸೇರಿಸಿ ಸುಣ್ಣದ ಗೆರೆ ಎಳೆದು ಎಷ್ಟು ಜಾರ್ತದೆ ಅಂತ ನೋಡ್ತಾ ಇರಿ, ನಿಮಗೇ ಹೊಳೀತದೆ. ಏರ್ ಕ್ಲೀನರಿನ ಎಣ್ಣೆ ದಿನಾ ಸಂಜೆ ಹಲ್ವ ಆಗಿರ್ತಿತ್ತು. ಕ್ಲೀನರಿನ ಬಾಯಿಗೆ ಹೆಂಡತಿಯ ಹಳೇ ಕಾಟನ್ ಸೀರೆ ಎರಡು ಮಡಿಕೆ ಕಟ್ಟಿದ ಮೇಲೆ ಎರಡು ದಿನಕ್ಕೊಮ್ಮೆ ಬದಲಿಸಿದರೆ ಸಾಕಾಯಿತು.

ತನೋಟ್‌ಗೂ ಹೋದೆವು. ದೇವಿ ಗುಡಿಯನ್ನ ಬಿಎಸ್‌ಎಫ್‌ನವರೇ ನೋಡ್ಕೊಳ್ತಾರೆ. ಅಲ್ಲಿಂದ ಲೋಂಗೆವಾಲಾ. 1971ರ ಡಿಸೆಂಬರಿನಲ್ಲಿ ಜೀಪಿನ ಮೇಲೆ ಕೂರಿಸಿದ ರಿಕಾಯಿಲ್‌ಲೆಸ್ ಗನ್ ಇಟ್ಕೊಂಡು ನಮ್ಮ ಸೈನಿಕರು ಪಾಕಿಸ್ತಾನದ ಟ್ಯಾಂಕುಗಳನ್ನ ತಡೆದ ಜಾಗ. ಮರಳಲ್ಲಿ ಹುಗಿದದ್ದು ಟ್ಯಾಂಕುಗಳೇ ಅನ್ನೋದು ನನಗೆ ತುಂಬಾ ಸಮಾಧಾನ ಕೊಟ್ಟಿತು.

ಲೆಕ್ಕ ಕೇಳೋರಿಗೆ: ಡೀಸೆಲ್‌ಗೆ ಮೂವತ್ತೆಂಟು ಸಾವಿರ ಚಿಲ್ಲರೆ. ರೋಡಲ್ಲಿ ಲೀಟರಿಗೆ ಹತ್ತು, ಮರಳಲ್ಲಿ ನಾಲ್ಕು. ಆರ್‌ಸಿ ನವೀಕರಣಕ್ಕೆ 5,000. 2022ರ ಏಪ್ರಿಲ್‌ಗೆ ಮೊದಲು ಮಾಡಿಸಿದ್ದರೆ 600ರಲ್ಲಿ ಮುಗೀತಿತ್ತು, ನನ್ನದೇ ಸೋಮಾರಿತನ. ಕುದಿತ ನಿಲ್ಲಿಸೋಕೆ ನಿಜವಾಗಿ ಬೇಕಾದದ್ದು ಪ್ಲಗ್, ಹುಳಿ, ಕ್ಯಾಪ್, ಥರ್ಮೋಸ್ಟಾಟ್, ಶ್ರೌಡ್ ಸೇರಿ ನಾಲ್ಕು ಸಾವಿರದೊಳಗೆ. ಬೊಲೆರೊ ಇಂಜಿನ್ ಹಾಕು ಅಂದ ಗ್ಯಾರೇಜಿನವರು ಮೊನ್ನೆ ಶ್ರೌಡಿನ ಅಳತೆ ಕೇಳೋಕೆ ಬಂದಿದ್ದರು. ಚಾ ಕುಡಿಸಿ ಅಳತೆ ಕೊಟ್ಟೆ.

ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ, ಅಂದರೆ ಡಾನಾ 18 ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಸೋರಿಕೆಗೆ ಇನ್ನೂ ಮದ್ದು ಸಿಕ್ಕಿಲ್ಲ. ಸೀಲ್ ಮೂರು ಸಲ ಬದಲಿಸಿದೆ, ಓ ರಿಂಗ್ ಬದಲಿಸಿದೆ. ಸದ್ಯಕ್ಕೆ ಅಡಿಯಲ್ಲಿ ಒಂದು ಅಡಿಕೆ ಹಾಳೆ ಇಟ್ಟಿದ್ದೇನೆ. ವಾರಕ್ಕೊಮ್ಮೆ ಬಿದ್ದ ಎಣ್ಣೆ ಸೋಸಿ ವಾಪಸ್ ಹೊಯ್ಯೋದು.