ಕುಟುಂಬದೊಡನೆ ಕಡಲತೀರದಲ್ಲಿ ಪಳೆಯುಳಿಕೆ ಹುಡುಕುವ ಬಗೆ

ಪಳೆಯುಳಿಕೆಗಳು ಎಲ್ಲ ಕಡಲತೀರಗಳಲ್ಲೂ ಸಿಗುವುದಿಲ್ಲ. ಗ್ರಾನೈಟ್ ಅಥವಾ ಬಸಾಲ್ಟ್ ಬಂಡೆಗಳ ತೀರದಲ್ಲಿ ದಿನವಿಡೀ ಅಲೆದರೂ ಬರಿಗೈಯಲ್ಲೇ ಮರಳಬೇಕಾದೀತು. ಹೂಳು, ಜೇಡಿ, ಸುಣ್ಣದ ಕೆಸರು ಪದರಪದರವಾಗಿ ಕುಳಿತು ಗಟ್ಟಿಯಾದ ಶಿಲೆಗಳನ್ನು ಅಲೆಗಳು ಇಂದಿಗೂ ಕೊರೆಯುತ್ತಿರುವ ತೀರವನ್ನು ಆರಿಸಿಕೊಳ್ಳಬೇಕು. ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ ಜುರಾಸಿಕ್ ಕಾಲದ ಸುರುಳಿಯಾಕಾರದ ಚಿಪ್ಪಿನ, ಈಗ ಅಳಿದುಹೋಗಿರುವ ಕಡಲಜೀವಿಗಳಾದ ಅಮೋನೈಟ್‌ಗಳೂ, ಅಮೆರಿಕದ ಮೇರಿಲ್ಯಾಂಡಿನ ಕ್ಯಾಲ್ವರ್ಟ್ ಕ್ಲಿಫ್ಸ್ ಹಾಗೂ ಫ್ಲಾರಿಡಾದ ವೆನಿಸ್ ತೀರಗಳಲ್ಲಿ ಶಾರ್ಕ್ ಹಲ್ಲುಗಳೂ ದೊರೆಯುವುದು ಇದೇ ಕಾರಣದಿಂದ. ಹೊರಡುವ ಮುನ್ನ ಮಕ್ಕಳಿಗೆ ಮೇರಿ ಆನಿಂಗ್‌ಳ ಕಥೆ ಹೇಳಿ: ಲೈಮ್ ರೀಜಿಸ್‌ನಲ್ಲಿ 1811ರಲ್ಲಿ ಅವಳ ಅಣ್ಣ ಜೋಸೆಫ್ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ತಲೆಬುರುಡೆಯನ್ನು ಕಂಡನು, ಮರುವರ್ಷ ಮೇರಿ ಅದರ ಉಳಿದ ಅಸ್ಥಿಪಂಜರವನ್ನು ಪತ್ತೆಹಚ್ಚಿದಳು, 1799ರಲ್ಲಿ ಹುಟ್ಟಿದ ಅವಳು ಆಗಿನ್ನೂ ಬಾಲಕಿ.

ಆ ತೀರದ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಕೆಲವೆಡೆ ಸಡಿಲವಾಗಿ ಬಿದ್ದುದನ್ನು ಹೆಕ್ಕಬಹುದು, ಬಂಡೆಯನ್ನು ಅಗೆಯುವಂತಿಲ್ಲ. ಕೆಲವೆಡೆ ಏನನ್ನೂ ಒಯ್ಯುವಂತಿಲ್ಲ. ಅದಕ್ಕಿಂತ ಮುಖ್ಯವಾದುದು ಉಬ್ಬರವಿಳಿತದ ವೇಳಾಪಟ್ಟಿ. ನೀರು ಇಳಿಯತೊಡಗಿದಾಗ ತೀರಕ್ಕಿಳಿದು, ಅದು ಮತ್ತೆ ಏರತೊಡಗುವ ಹೊತ್ತಿಗೆ ಹಿಂದಿರುಗುವ ಹಾದಿಯಲ್ಲಿರಬೇಕು, ಏಕೆಂದರೆ ಕಡಿದಾದ ಬಂಡೆಗೋಡೆ ಮತ್ತು ನೀರಿನ ನಡುವೆ ಸಿಕ್ಕಿಬಿದ್ದರೆ ಮಕ್ಕಳನ್ನು ಕರೆದುಕೊಂಡು ಮೇಲೇರಲು ದಾರಿಯೇ ಇರುವುದಿಲ್ಲ. ಬಿರುಗಾಳಿಯ ನಂತರದ ದಿನಗಳಲ್ಲಿ ಹೊಸ ಪಳೆಯುಳಿಕೆಗಳು ಹೆಚ್ಚಾಗಿ ಕಾಣುತ್ತವೆಯಾದರೂ, ಬಂಡೆಗೋಡೆ ಕುಸಿಯುವ ಅಪಾಯವೂ ಆಗಲೇ ಹೆಚ್ಚು. ಆದ್ದರಿಂದ ಅದರ ಬುಡದಲ್ಲಿ ಕೂರಲು ಯಾರಿಗೂ ಅವಕಾಶ ಕೊಡಬೇಡಿ.

ಒಂದು ಜರಡಿ, ಮೆತ್ತನೆಯ ಬ್ರಶ್, ಹಳೆಯ ಪತ್ರಿಕೆಗಳು, ಮುಚ್ಚಳವಿರುವ ಡಬ್ಬಿ ಇದ್ದರೆ ಸಾಕು. ಮಕ್ಕಳೊಂದಿಗೆ ಹೋಗುವಾಗ ಸುತ್ತಿಗೆ ಬೇಡವೆಂದೇ ನನ್ನ ಅಭಿಪ್ರಾಯ: ಸಿಡಿದ ಚೂರು ಕಣ್ಣಿಗೆ ತಗುಲಬಹುದು, ಅಲ್ಲದೆ ಅಲೆಗಳು ಆಗಲೇ ಬಿಡಿಸಿಟ್ಟ ವಸ್ತುಗಳೇ ಬೇಕಾದಷ್ಟಿರುತ್ತವೆ.

ನಿಜವಾದ ಕೌಶಲವಿರುವುದು ನೋಡುವುದರಲ್ಲಿ. ಅಲೆಗಳು ಸಣ್ಣ ಕಲ್ಲುಗಳನ್ನು ಸಾಲಾಗಿ ತಂದು ಬಿಡುವ ಗೆರೆಯ ಬಳಿ ಕುಳಿತು, ಚಾಪೆಯಷ್ಟು ಅಗಲದ ಜಾಗವನ್ನು ಹತ್ತು ನಿಮಿಷ ನಿಧಾನವಾಗಿ ನೋಡುವ ಮಗುವಿಗೆ, ಓಡಾಡುವವರಿಗಿಂತ ಹೆಚ್ಚು ಸಿಗುತ್ತದೆ. ಬಣ್ಣವನ್ನಲ್ಲ, ಕ್ರಮಬದ್ಧವಾದ ಆಕಾರವನ್ನು ಹುಡುಕಲು ಕಲಿಸಿ: ಸಮಾನ ಅಂತರದ ಗೀರುಗಳು, ಸುರುಳಿ, ಬಂದೂಕಿನ ಗುಂಡಿನಂತೆ ಚೂಪಾದ ಬೆಲೆಮ್ನೈಟ್ (ಸ್ಕ್ವಿಡ್ ಹೋಲುವ, ಅಳಿದುಹೋದ ಕಡಲಜೀವಿ) ಕಡ್ಡಿ. ಶಾರ್ಕ್ ಹಲ್ಲನ್ನು ಬೆಳಕಿಗೆ ಹಿಡಿದರೆ ಮೇಲಿನ ತ್ರಿಕೋನ ನಯವಾಗಿ ಹೊಳೆಯುತ್ತದೆ, ಬೇರಿನ ಭಾಗ ಮಂಕಾಗಿ, ಸಣ್ಣ ರಂಧ್ರಗಳಿಂದ ಕೂಡಿರುತ್ತದೆ. ಕೆಲವು ಹಲ್ಲುಗಳ ಅಂಚಿನ ಮೇಲೆ ಬೆರಳು ಸವರಿದರೆ ಗರಗಸದ ಹಲ್ಲಿನ ಅನುಭವವಾಗುತ್ತದೆ. ಹೂಳಿನೊಳಗಿನ ಖನಿಜಗಳು ಸೇರಿರುವುದರಿಂದ ಅದು ಸಾಮಾನ್ಯವಾಗಿ ಕಪ್ಪು ಅಥವಾ ಬೂದು ಬಣ್ಣದ್ದಾಗಿರುತ್ತದೆ. ಶಾರ್ಕ್‌ನ ಅಸ್ಥಿಪಂಜರ ಮೃದ್ವಸ್ಥಿಯದಾದ್ದರಿಂದ ಬಹುಮಟ್ಟಿಗೆ ಕೊಳೆತು ಹೋಗುತ್ತದೆ. ಆದರೆ ಜೀವಮಾನದಲ್ಲಿ ಸಾವಿರಾರು ಹಲ್ಲುಗಳನ್ನು ಉದುರಿಸುವುದರಿಂದ ಹಲ್ಲುಗಳು ಮಾತ್ರ ಹೇರಳವಾಗಿ ಉಳಿದಿವೆ.

ಸಿಕ್ಕಿದ್ದನ್ನು ಪತ್ರಿಕೆಯಲ್ಲಿ ಸುತ್ತಿ ತಂದು, ಸಿಹಿನೀರಿನಲ್ಲಿ ತೊಳೆದು ಉಪ್ಪಿನಂಶ ತೆಗೆದು, ನೆರಳಿನಲ್ಲಿ ಒಣಗಿಸಿ. ವಿನೆಗರ್ ಬಳಸಬಾರದು, ಸುಣ್ಣದ ಚಿಪ್ಪುಗಳನ್ನು ಅದು ಕರಗಿಸಿಬಿಡುತ್ತದೆ. ಪೈರೈಟ್ ಎಂಬ ಕಬ್ಬಿಣದ ಖನಿಜವಾಗಿ ಮಾರ್ಪಟ್ಟು ಹಿತ್ತಾಳೆಯಂತೆ ಹೊಳೆಯುವ ಅಮೋನೈಟ್‌ಗಳನ್ನು ತೇವ ತಾಕದ ಜಾಗದಲ್ಲಿಡಬೇಕು, ಇಲ್ಲವಾದರೆ ಅವು ಕ್ರಮೇಣ ಪುಡಿಯಾಗುತ್ತವೆ. ಪ್ರತಿಯೊಂದರ ಜೊತೆಗೂ ಸಿಕ್ಕಿದ ಸ್ಥಳ ಮತ್ತು ದಿನಾಂಕ ಬರೆದ ಚೀಟಿಯಿರಲಿ. ಆ ಕೆಲಸವನ್ನು ಹೆಕ್ಕಿದ ಮಗುವಿಗೇ ಬಿಟ್ಟುಬಿಡಿ.

ಬಂಡೆಯೊಳಗೆ ಸಾಲಾಗಿ ಜೋಡಿಸಿಕೊಂಡ ಮೂಳೆಗಳೇನಾದರೂ ಕಂಡರೆ ಕೀಳಲು ಹೋಗದೆ, ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ನಾಣ್ಯವನ್ನಿಟ್ಟು ಚಿತ್ರ ತೆಗೆದು, ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಅಂದೇ ತಿಳಿಸಿ.