ಚಿತ್ರದುರ್ಗದ ಕೋಟೆಯನ್ನು ಮುತ್ತಿಗೆಯ ಕಣ್ಣಿನಿಂದ ನೋಡುವುದು ಹೇಗೆ

ಬೆಳಗ್ಗೆ ಟಿಕೆಟ್ ಕೊಡಲು ಶುರುಮಾಡಿದ ಕೂಡಲೇ ಒಳಗೆ ಹೋಗಿ. ಬಿಸಿಲೇರಿದರೆ ಬಂಡೆ ಕಾಯುತ್ತದೆ, ನೋಡುವ ತಾಳ್ಮೆ ಉಳಿಯುವುದಿಲ್ಲ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಜಾರದ ಶೂ, ಕನಿಷ್ಠ ಮೂರು ಗಂಟೆ ಸಮಯ ಬೇಕು.

ಮೊದಲ ಬಾಗಿಲು ದಾಟಿದ ಮೇಲೆ ಹಿಂದಿರುಗಿ ನೋಡಿ. ದಾರಿ ಹಾವಿನಂತೆ ಹೊರಳುತ್ತದೆ. ಬಾಗಿಲು ಮುರಿಯಲು ಆನೆಗೆ ಓಡಿಬರುವ ಜಾಗ ಬೇಕು, ತೊಲೆ ಹೊತ್ತವರಿಗೂ ಅಷ್ಟೇ. ವೇಗ ಹಿಡಿಯುವ ಮೊದಲೇ ತಿರುವು ಬರುತ್ತದೆ, ತಿರುವಿನಲ್ಲಿ ತಲೆಯ ಮೇಲೆ ಗೋಡೆ. ಗೋಡೆಯ ಬಂದೂಕಿನ ಕಿಂಡಿಗಳಿಗೆ ಒಳಗಿನಿಂದ ಕಣ್ಣಿಟ್ಟು, ಯಾವುದರ ಗುರಿ ದೂರಕ್ಕೆ, ಯಾವುದರ ಗುರಿ ಗೋಡೆಯ ಬುಡಕ್ಕೆ ಎಂದು ನೀವೇ ಪರೀಕ್ಷಿಸಿ.

ಹೊಂಡದಂಥ ಕಟ್ಟಡದೊಳಗೆ ನಾಲ್ಕು ಭಾರಿ ಬೀಸುಕಲ್ಲುಗಳಿವೆ. ಅವು ಬಂದೂಕಿನ ಮದ್ದು ಅರೆಯಲು. ಪೆಟ್ಲುಪ್ಪು, ಗಂಧಕ, ಇದ್ದಿಲು ಕೂಡಿಟ್ಟಿದ್ದರೆ ಹೊರದಾರಿ ಮುಚ್ಚಿದರೂ ಬಂದೂಕು ನಿಲ್ಲುವುದಿಲ್ಲ.

ಬಹುತೇಕರು ಓಡಿ ದಾಟುವುದು ಹೊಂಡಗಳನ್ನು, ಆದರೆ ಕೋಟೆ ನಿಂತದ್ದು ಅವುಗಳ ಮೇಲೆಯೇ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಕೋಡಿ ಹರಿದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಇಳಿಯುತ್ತಿತ್ತು. ಮೇಲಿನಿಂದ ಕೆಳಕ್ಕೆ ಈ ಕ್ರಮದಲ್ಲೇ ನೋಡಿ, ಒಂದು ಬಿಟ್ಟರೂ ಸರಪಳಿ ಕಡಿಯುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ ಬಂದರೆ ನೀರಿನ ಜಾಡು ಚೆನ್ನಾಗಿ ತಿಳಿಯುತ್ತದೆ. ಮುತ್ತಿಗೆ ಹಾಕಿದವನ ದೊಡ್ಡ ಆಯುಧ ಬಾಯಾರಿಕೆ. ಇಲ್ಲಿ ಅದು ಕೈಗೆ ಸಿಗಲಿಲ್ಲ.

ಓಬವ್ವನ ಕಿಂಡಿಯನ್ನು ಹೊರಗಿನಿಂದ ಒಳಕ್ಕೆ ನುಸುಳಿ. ಒಬ್ಬರ ಹಿಂದೆ ಒಬ್ಬರು, ಮೊದಲು ತಲೆ. ಒನಕೆ ಹಿಡಿದ ಒಬ್ಬಳಿಗೆ ಅಷ್ಟು ಜನ ಹೇಗೆ ಸೋತರೆಂಬುದು ಆ ಒಂದು ಹೆಜ್ಜೆಯಲ್ಲೇ ಅರ್ಥವಾಗುತ್ತದೆ. ಪಕ್ಕದಲ್ಲೇ ತಣ್ಣೀರು ದೋಣಿ ಎಂಬ ನೀರಿನ ತಾಣ: ಗಂಡ ಊಟಕ್ಕೆ ಕೂತಾಗ ಅವಳು ನೀರಿಗೆ ಬಂದದ್ದು ಅಲ್ಲಿಗೇ.

ತುಪ್ಪದ ಕೊಳದ ಬತೇರಿಗೆ (ಬುರುಜಿಗೆ) ಕಾಲೂರುವ ಕುಳಿಗಳನ್ನು ಹಿಡಿದು ಹತ್ತಬೇಕು. ಬಂಡೆ ಒದ್ದೆಯಿದ್ದರೆ ಬೇಡವೇ ಬೇಡ, ಹತ್ತುವುದಕ್ಕಿಂತ ಇಳಿಯುವುದು ಕಷ್ಟ.

ಕೊನೆಗೆ ಅರಮನೆಯ ಮಣ್ಣಿನ ಗೋಡೆಗಳಿಗೆ ಬನ್ನಿ. 1779ರಲ್ಲಿ ಹೈದರಾಲಿ ಈ ದುರ್ಗವನ್ನು ಗೆದ್ದದ್ದು ಒಳಗಿನವರ ದ್ರೋಹದ ಬಲದಿಂದ. ಮದಕರಿ ನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಗೋಡೆಗಳಿಗೆ ಒರಗಬೇಡಿ, ಮೇಲೆ ಹತ್ತಬೇಡಿ. ಮಳೆಗೆ ನೆನೆದ ಮಣ್ಣು ಕೈ ಸೋಕಿದರೂ ಉದುರುತ್ತದೆ.